ತನ್ನ ಬಣ್ಣವನ್ನು ತಾನೇ ಕಾಣದ ಜೀವಿ

ಕಡಲೆಂದೊಡನೆ ನಮ್ಮ ಮನಸ್ಸಿಗೆ ಬರುವುದು ದೊಡ್ಡ ದೊಡ್ಡ ಸಂಗತಿಗಳು. ನೂಹ್(ಅ)ರ ನಾವೆ, ಮೂಸಾ(ಅ)ರಿಗೆ ಇಬ್ಭಾಗವಾಗಿ ದಾರಿಬಿಟ್ಟ ಸಮುದ್ರ, ಯೂನುಸ್(ಅ)ರನ್ನು ನುಂಗಿದ ಮೀನು. ಮದ್ರಸದ ಸಣ್ಣ ಮಕ್ಕಳಿಗೂ ಈ ಚರಿತ್ರೆಗಳು ಬಾಯಿಪಾಠ. ಆದರೆ ಪ್ರಿಯ ವಾಚಕರೇ, ಇಂದು ನಾನು ನಿಮ್ಮ ಮುಂದಿಡುವುದು ಕಿರುಬೆರಳಿನಷ್ಟೂ ಉದ್ದವಿಲ್ಲದ, ಮೂಳೆಯಿಲ್ಲದ, ಚಿಪ್ಪಿಲ್ಲದ, ಬಂಡೆಗಂಟಿ ತೆವಳುವ ಒಂದು ಹುಳುವಿನ ವಿಷಯ.

ಇದಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ. ಅವನೀಗ ಮುರ್ಡೇಶ್ವರದಲ್ಲಿ ಸ್ಕೂಬಾ ಬೋಟೊಂದರಲ್ಲಿ ದುಡಿಯುತ್ತಿದ್ದಾನೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ, ದಡದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿಗೆ ಪ್ರವಾಸಿಗರನ್ನು ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಸಿ ನೀರಿಗಿಳಿಸಿ, ತಳದ ವಿಸ್ಮಯಗಳನ್ನು ತೋರಿಸಿ ಮೇಲೆ ತರುವುದು ಅವನ ಕೆಲಸ. ಅವನು ಕೇಳಿದ್ದು ಹೀಗೆ: "ಉಸ್ತಾದ್, ಬಂಡೆಯ ಸಂದಿಯಲ್ಲಿ ಬಣ್ಣದ ಹುಳುಗಳಿರುತ್ತವೆ. ಫೋಟೋ ಚೆನ್ನಾಗಿ ಬರಲೆಂದು ಅದನ್ನು ಎತ್ತಿ ಹವಳದ ಮೇಲೆ ಇಡು ಎಂದು ಗಿರಾಕಿಗಳು ನೀರಿನೊಳಗೇ ಸನ್ನೆ ಮಾಡುತ್ತಾರೆ. ಇಟ್ಟರೆ, ಮೇಲೆ ಬಂದ ಮೇಲೆ ಕೈಗೆ ಐನೂರು ಸಿಗುತ್ತದೆ. ಇಡದಿದ್ದರೆ ಮುಖ ಸಿಂಡರಿಸುತ್ತಾರೆ. ಬರೀ ಹುಳು ತಾನೇ, ಅದರಲ್ಲೇನಿದೆ ಎಂದು ಜೊತೆಯವರು ಹೇಳುತ್ತಾರೆ. ನೀವೇನು ಹೇಳುತ್ತೀರಿ?"

ಕೂಡಲೇ ಉತ್ತರಿಸಲು ನನ್ನಿಂದಾಗಲಿಲ್ಲ. ಮೂಕ ಪ್ರಾಣಿಗಳ ಬಗೆಗಿನ ಹದೀಸ್‌ಗಳು ನೆನಪಿದ್ದವು, ನಿಜ. ಆದರೆ ವಸ್ತು ಏನೆಂದು ತಿಳಿಯದೆಯೇ ಮಸ್‌ಅಲ ಹೇಳಿಬಿಡುವುದು ನಮ್ಮಂಥವರಿಗೆ ಅಂಟಿಕೊಂಡ ಒಂದು ಕೆಟ್ಟ ಅಭ್ಯಾಸ. ಮೊದಲು ಚಿತ್ರಗಳನ್ನು ಕಳಿಸು, ಅದು ಎಲ್ಲಿರುತ್ತದೆ, ಏನು ತಿನ್ನುತ್ತದೆ ಎಂದು ನೀನು ಕಂಡದ್ದನ್ನು ಬರೆ ಎಂದೆ. ಚಿತ್ರಗಳು ಬಂದವು. ನೋಡಿದ ಮೇಲೆ ಪುಸ್ತಕಗಳನ್ನು ಹುಡುಕದೆ ಇರಲಾಗಲಿಲ್ಲ. ತಿಳಿದುದನ್ನು ಮೊದಲು ಹೇಳಿ, ಆಮೇಲೆ ಅವನ ಪ್ರಶ್ನೆಗೆ ಬರುತ್ತೇನೆ.

ಮಳೆಗಾಲದಲ್ಲಿ ನಮ್ಮ ಹಿತ್ತಿಲ ಗೋಡೆಯ ಮೇಲೆ ಲೋಳೆಯ ಗೆರೆ ಎಳೆಯುತ್ತಾ ಸಾಗುವ ಬಸವನಹುಳುವನ್ನು ನೀವು ನೋಡಿದ್ದೀರಿ. ಅದೇ ಬಳಗದ, ಆದರೆ ಚಿಪ್ಪಿಲ್ಲದ ಕಡಲ ಜೀವಿಗಳಿವೆ. ಇಂಗ್ಲಿಷಿನವರು ಸೀ ಸ್ಲಗ್ ಎನ್ನುತ್ತಾರೆ. ಅವುಗಳಲ್ಲಿ ಅತ್ಯಂತ ಚೆಲುವಾದ ಪಂಗಡಕ್ಕೆ ನುಡಿಬ್ರಾಂಕ್ ಎಂದು ಹೆಸರು. ಬತ್ತಲೆ ಕಿವಿರಿನದು ಎಂದು ಅದರ ಅರ್ಥ. ಅನೇಕ ಜಾತಿಗಳಲ್ಲಿ ಉಸಿರಾಡುವ ಕಿವಿರು ಬೆನ್ನ ಮೇಲೆ ಹೂವಿನಂತೆ ಅರಳಿಕೊಂಡಿರುತ್ತದೆ. ಮೀನಿನ ಕಿವಿರಿನಂತೆ ಅದಕ್ಕೆ ಮುಚ್ಚಳವಿಲ್ಲ. ವಿಜ್ಞಾನಿಗಳು ಈವರೆಗೆ 3,000ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ಮೊಟ್ಟೆಯಿಂದ ಹೊರಬರುವ ಮರಿಗೆ ಅತಿ ಸಣ್ಣದೊಂದು ಚಿಪ್ಪಿರುತ್ತದೆ. ನೀರಿನಲ್ಲಿ ತೇಲುತ್ತಾ ಹೋಗಿ, ತನ್ನ ಜಾತಿಯ ಆಹಾರವಿರುವ ಜಾಗ ಸಿಕ್ಕಿದಾಗ ಆ ಚಿಪ್ಪನ್ನು ಕಳಚಿ ತಳಕ್ಕಿಳಿಯುತ್ತದೆ. ಆಮೇಲಿನ ಬದುಕೆಲ್ಲ ತೆರೆದ ಮೈಯಲ್ಲೇ. ಹೆಚ್ಚಿನವುಗಳ ಆಯುಷ್ಯ ಒಂದು ವರ್ಷವೂ ಇಲ್ಲ.

ಹಾಗಿದ್ದರೆ ಏಡಿ, ಮೀನುಗಳ ನಡುವೆ ಈ ಮೆತ್ತನೆಯ ಜೀವಿ ಉಳಿಯುವುದು ಹೇಗೆ? ಇದರ ಆಹಾರವನ್ನು ನೋಡಿ. ಕೆಲವು ಜಾತಿಗಳು ತಿನ್ನುವುದು ಬಂಡೆಗಂಟಿ ಬೆಳೆಯುವ ಸ್ಪಂಜುಗಳನ್ನು. ಇತರ ಪ್ರಾಣಿಗಳು ಮುಟ್ಟಲು ಹೆದರುವ ಆ ಸ್ಪಂಜಿನ ವಿಷವನ್ನೇ ಇವು ತಮ್ಮ ಚರ್ಮದಲ್ಲಿ ಸಂಗ್ರಹಿಸಿಟ್ಟುಕೊಳ್ಳುತ್ತವೆ. ಲಕ್ಷದ್ವೀಪದ ಹವಳ ದಿಬ್ಬಗಳಲ್ಲೂ ಇರುವ ಫಿಲಿಡಿಯಾ ವ್ಯಾರಿಕೋಸಾ ಎಂಬ ಜಾತಿಯನ್ನು ಮೀನಿನ ತೊಟ್ಟಿಯಲ್ಲಿ ಇಟ್ಟರೆ, ಅದು ಬಿಡುವ ವಿಷದಿಂದ ಜೊತೆಗಿರುವ ಮೀನುಗಳು ಸಾಯುವುದುಂಟು. ಕಪ್ಪು ಮೈ, ನೀಲಿ ಏಣು, ಅದರ ಮೇಲೆ ಹಳದಿ ಗುಳ್ಳೆ. ಕಸೂತಿ ಹಾಕಿದ ಬಟ್ಟೆಯಂತೆ ಕಾಣುತ್ತದೆ! ಇನ್ನು ಕೆಲವು ಜಾತಿಗಳು ಚುಚ್ಚುಕಣಗಳಿರುವ ಜೀವಿಗಳನ್ನು ತಿನ್ನುತ್ತವೆ. ಜೆಲ್ಲಿ ಮೀನು ತಾಗಿ ಮೈ ಉರಿದ ಅನುಭವ ನಮ್ಮ ಕರಾವಳಿಯವರಿಗೆ ಗೊತ್ತು. ಅಂಥದೇ ಕಣಗಳನ್ನು ಈ ಹುಳು ತಿಂದು, ಅವು ಸಿಡಿಯದಂತೆ ಕರುಳಿನ ಮೂಲಕ ಸಾಗಿಸಿ, ಬೆನ್ನ ಮೇಲಿನ ಎಳೆಗಳ ತುದಿಯಲ್ಲಿ ಜೋಡಿಸಿಕೊಂಡು ತನ್ನದೇ ಆಯುಧವೆಂಬಂತೆ ಬಳಸುತ್ತದೆ. ವೈರಿಯ ಬಂದೂಕನ್ನು ಕಿತ್ತುಕೊಂಡು ಕಾವಲು ನಿಲ್ಲುವ ಸಿಪಾಯಿಯ ಹಾಗೆ. ಬಡಗಿಗೆ ಉಳಿ ಹಿಡಿಯಲು ಗುರು ಬೇಕು. ಇದಕ್ಕೆ ಕಲಿಸಿದವರಾರು?

ಬರೀ ಹುಳು ತಾನೇ ಎಂಬ ಮಾತಿಗೆ ಇಲ್ಲಿ ಸ್ವಲ್ಪ ನಿಲ್ಲೋಣ. ಪವಿತ್ರ ಕುರ್‌ಆನ್ ನೊಣ, ಜೇಡ ಮುಂತಾದ ಕ್ಷುದ್ರ ಜೀವಿಗಳ ಉದಾಹರಣೆ ಕೊಟ್ಟಾಗ ವಿರೋಧಿಗಳು ಗೇಲಿ ಮಾಡುತ್ತಿದ್ದರೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ದೇವವಾಣಿಯಲ್ಲಿ ಇಂಥ ಕೀಟಗಳಿಗೇನು ಕೆಲಸ ಎಂಬುದು ಅವರ ಮಾತು. ಒಂದು ಸೊಳ್ಳೆಯನ್ನಾಗಲಿ ಅದಕ್ಕೂ ಮಿಗಿಲಾದುದನ್ನಾಗಲಿ ದೃಷ್ಟಾಂತವಾಗಿ ಕೊಡಲು ಅಲ್ಲಾಹನು ಸಂಕೋಚಪಡುವುದಿಲ್ಲ ಎಂಬ ಭಾವದ ಸೂಕ್ತ (ಅಲ್‌ಬಕರ: 26) ಅವರಿಗೆ ಉತ್ತರವಾಯಿತು. ಮದ್ರಸದಲ್ಲಿ ಓದಿದವರು ಇಮಾಮ್ ದಮೀರಿಯವರ ಹೆಸರು ಕೇಳಿರುತ್ತಾರೆ. ಆರು ಶತಮಾನಗಳ ಹಿಂದೆ ಬಾಳಿದ ಈ ವಿದ್ವಾಂಸರು ಪ್ರಾಣಿಗಳ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದರು. ಫಿಕ್ಹ್ ಬಲ್ಲವರು ಹುಳುಹುಪ್ಪಟೆಗಳ ಬಗ್ಗೆ ಬರೆದರೆ ಗೌರವ ಕಡಿಮೆಯಾಗುತ್ತದೆಂದು ಅವರಿಗೆ ಅನಿಸಲಿಲ್ಲ. ನಮ್ಮ ಕಾಲದಲ್ಲೂ ಒಂದು ಸಂಗತಿ ನಡೆದಿದೆ. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ನೆನಪಿನ ಶಕ್ತಿಯ ರಹಸ್ಯವನ್ನು ಹುಡುಕಲು ಆರಿಸಿಕೊಂಡದ್ದು ಸೀ ಸ್ಲಗ್‌ಗಳಲ್ಲೇ ಒಂದಾದ ಅಪ್ಲೀಸಿಯಾವನ್ನು. 2000ದಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ನೀವು ಬೆಳಿಗ್ಗೆ ಕಂಠಪಾಠ ಮಾಡಿದ ಸೂರಃ ಸಂಜೆಗೆ ಹೇಗೆ ನೆನಪಿನಲ್ಲಿ ಉಳಿಯುತ್ತದೆಂಬುದನ್ನು ಮನುಷ್ಯ ಅರಿಯತೊಡಗಿದ್ದು, ನಾವು ಬರೀ ಹುಳು ಎನ್ನುವ ಇಂಥದೊಂದರ ನರಗಳಿಂದ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕುರ್‌ಆನ್ ಈ ಹುಳುವನ್ನು ಹೆಸರಿಸಿಲ್ಲ. ಪ್ರಯೋಗಾಲಯದಲ್ಲಿ ಹೊಸದಾಗಿ ಕಂಡುಹಿಡಿದುದನ್ನೆಲ್ಲ ಯಾವುದಾದರೊಂದು ಸೂಕ್ತಕ್ಕೆ ಬಲವಂತವಾಗಿ ಜೋಡಿಸುವ ಗೀಳು ನಮ್ಮಲ್ಲಿ ಕೆಲವರಿಗಿದೆ. ನನಗದು ಒಪ್ಪಿಗೆಯಿಲ್ಲ. ಕುರ್‌ಆನ್ ಪ್ರಾಣಿಶಾಸ್ತ್ರದ ಪಠ್ಯಪುಸ್ತಕವಲ್ಲ. ಅದು ನಮಗೆ ನೋಡಿರಿ ಎಂದು ಹೇಳುತ್ತದೆ, ನೋಡುವ ಬಗೆಯನ್ನು ಕಲಿಸುತ್ತದೆ. ನನ್ನ ವಿದ್ಯಾರ್ಥಿಯ ಪ್ರಶ್ನೆ ನಿಜದಲ್ಲಿ ಇದರ ಬಗ್ಗೆಯೇ ಇದೆ.

ಈಗ ಬಣ್ಣದ ವಿಷಯಕ್ಕೆ ಬನ್ನಿ. ಸೂರ್ಯನ ಬೆಳಕಿನಲ್ಲಿರುವ ಎಲ್ಲ ಬಣ್ಣಗಳೂ ನೀರಿನಲ್ಲಿ ಒಂದೇ ಸಮನೆ ಇಳಿಯುವುದಿಲ್ಲ. ಮೊದಲು ಮಾಯವಾಗುವುದು ಕೆಂಪು. ಐದು ಹತ್ತು ಮೀಟರ್ ಇಳಿಯುವಷ್ಟರಲ್ಲಿ ಅದು ಬಹುಮಟ್ಟಿಗೆ ಹೀರಿಹೋಗಿರುತ್ತದೆ. ಆಮೇಲೆ ಕಿತ್ತಳೆ, ನಂತರ ಹಳದಿ. ಇನ್ನೂ ಇಳಿದರೆ ಉಳಿಯುವುದು ನೀಲಿ ಮತ್ತು ಬೂದು. ಅಲ್ಲಿ ಬೆರಳು ಕೊಯ್ದು ರಕ್ತ ಬಂದರೆ ಅದೂ ಕಪ್ಪು ಹಸಿರಾಗಿ ಕಾಣುತ್ತದಂತೆ. ಆದ್ದರಿಂದ ಕಡುಗೆಂಪು ಹುಳು ಕಣ್ಣೆದುರಿಗಿದ್ದರೂ ಅದು ಕೆಸರು ಮೆತ್ತಿದ ಕಲ್ಲಿನ ಚೂರಿನಂತೆ ತೋರುತ್ತದೆ. ಮುಳುಗುವವನು ಕೈಯಲ್ಲಿನ ಟಾರ್ಚನ್ನು ಹತ್ತಿರ ಹಿಡಿದಾಗ ಮಾತ್ರ ಕೆಂಪು ಕೆಂಪಾಗಿ, ಹಳದಿ ಹಳದಿಯಾಗಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಬೆಳಕು ಆ ಬಣ್ಣವನ್ನು ಹೊಸದಾಗಿ ಬಳಿಯಲಿಲ್ಲ. ಅದು ಅಲ್ಲೇ ಇತ್ತು. ಅನ್ನೂರ್ ಅಧ್ಯಾಯದ 40ನೇ ಸೂಕ್ತದಲ್ಲಿ ಸತ್ಯನಿಷೇಧಿಗಳ ಕರ್ಮಗಳಿಗೆ ಆಳ ಕಡಲಿನ ಕತ್ತಲೆಯ ಹೋಲಿಕೆ ಬಂದಿದೆ. ಅಲೆಯ ಮೇಲೆ ಅಲೆ, ಅದರ ಮೇಲೆ ಮೋಡ, ಚಾಚಿದ ತನ್ನ ಕೈಯೂ ಕಾಣದಂಥ ಸ್ಥಿತಿ. ಅಲ್ಲಾಹನೇ ಬೆಳಕು ಕೊಡದವನಿಗೆ ಬೇರೆ ಬೆಳಕಿಲ್ಲ ಎಂದು ಅದು ಮುಗಿಯುತ್ತದೆ. ಈ ಸೂಕ್ತವನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಟಾರ್ಚಿನ ಈ ವಿಷಯ ಕೇಳಿದ ದಿನ ಅದನ್ನು ಹೊಸದಾಗಿ ಓದಿದಂತಾಯಿತು.

ಇನ್ನೂ ದೊಡ್ಡ ಸೋಜಿಗವೆಂದರೆ ಆ ಹುಳುವಿನ ಕಣ್ಣು. ತಲೆಯ ಮೇಲಿರುವ ಎರಡು ಕೊಂಬುಗಳನ್ನು ಕಣ್ಣೆಂದು ಭಾವಿಸಬೇಡಿ. ಅವು ನೀರಿನಲ್ಲಿ ಬೆರೆತ ವಾಸನೆಯನ್ನು ಗ್ರಹಿಸುವ ಅಂಗಗಳು. ಆಹಾರವನ್ನೂ ಜೊತೆಗಾರನನ್ನೂ ಅದು ಹುಡುಕುವುದು ಇವುಗಳಿಂದಲೇ. ನಿಜವಾದ ಕಣ್ಣು ಚರ್ಮದೊಳಗೆ ಹುದುಗಿದ ಒಂದು ಚುಕ್ಕೆ. ಬೆಳಕಿದೆಯೋ ಕತ್ತಲೆಯೋ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಅಂದರೆ ಜಗತ್ತಿನ ಅತಿ ಸುಂದರ ಉಡುಗೆ ತೊಟ್ಟ ಈ ಜೀವಿ ತನ್ನ ಉಡುಗೆಯನ್ನು ಒಮ್ಮೆಯೂ ನೋಡಿಲ್ಲ, ನೋಡುವುದೂ ಇಲ್ಲ. ಅದರ ಸಂಗಾತಿಯೂ ನೋಡಿಲ್ಲ.

ಬಣ್ಣ ಯಾರಿಗಾಗಿ ಹಾಗಾದರೆ? ಎದ್ದು ಕಾಣುವ ಬಣ್ಣ, ನನ್ನಲ್ಲಿ ವಿಷವಿದೆ ಎಂದು ಮೀನುಗಳಿಗೆ ಕೊಡುವ ಎಚ್ಚರಿಕೆ ಎಂದು ತಜ್ಞರು ಹೇಳುತ್ತಾರೆ. ಇನ್ನು ಕೆಲವಕ್ಕೆ ಅದು ತಾನಿರುವ ಸ್ಪಂಜಿನಲ್ಲೇ ಮರೆಯಾಗುವ ವೇಷ. ಅದು ಸರಿಯಾದ ಮಾತು. ಅದನ್ನು ಅಲ್ಲಗಳೆಯುವ ಅಗತ್ಯ ನಮಗಿಲ್ಲ. ಅಲ್ಲಾಹನು ಕಾರಣಗಳ ಮೂಲಕವೇ ಕಾರ್ಯಗಳನ್ನು ನಡೆಸುತ್ತಾನೆ. ಆದರೂ ನನ್ನ ಮನಸ್ಸು ಬೇರೊಂದು ಕಡೆ ಹೋಗುತ್ತದೆ. ಗಾಳಿಯ ಸಿಲಿಂಡರಿನೊಂದಿಗೆ ಮನುಷ್ಯ ಸ್ವತಂತ್ರವಾಗಿ ಕಡಲಾಳದಲ್ಲಿ ಅಡ್ಡಾಡಲು ಅನುಕೂಲವಾದದ್ದು 1943ರಲ್ಲಿ ಫ್ರಾನ್ಸಿನ ಕೂಸ್ತೊ ಮತ್ತು ಗಾನ್ಯಾನ್ ಎಂಬವರು ಒಂದು ಸಾಧನವನ್ನು ರೂಪಿಸಿದ ಮೇಲೆ. ಅದಕ್ಕೂ ಮೊದಲು ಅರಬಿ ಕೊಲ್ಲಿಯ ಮುತ್ತು ತೆಗೆಯುವವರು ಮೂಗಿಗೆ ಚಿಮುಟ ಸಿಕ್ಕಿಸಿ, ಕಾಲಿಗೆ ಕಲ್ಲು ಕಟ್ಟಿ, ಒಂದು ಉಸಿರಿನ ಅವಧಿಯಲ್ಲಿ ಚಿಪ್ಪು ಆಯ್ದು ಮೇಲೆ ಬರುತ್ತಿದ್ದರು. ಹುಳು ನೋಡುತ್ತಾ ಕೂರಲು ಅವರಿಗೆಲ್ಲಿ ಪುರುಸೊತ್ತು! ಅಷ್ಟೊಂದು ಶತಮಾನಗಳ ಕಾಲ, ಯಾವ ಮನುಷ್ಯನ ಕಣ್ಣೂ ಬೀಳದ ಆಳದಲ್ಲಿ, ಯಾವ ಟಾರ್ಚೂ ಇಲ್ಲದೆ, ಈ ಚಿತ್ತಾರಗಳು ಹುಟ್ಟುತ್ತಲೂ ಅಳಿಯುತ್ತಲೂ ಇದ್ದವು. ನೆಲದಲ್ಲೂ ಕಡಲಲ್ಲೂ ಇರುವುದೆಲ್ಲವೂ ಅವನಿಗೆ ಗೊತ್ತು, ಅವನರಿವಿಲ್ಲದೆ ಒಂದು ಎಲೆಯೂ ಉದುರುವುದಿಲ್ಲ ಎಂಬ ಅಲ್‌ಅನ್‌ಆಮ್ ಅಧ್ಯಾಯದ 59ನೇ ಸೂಕ್ತದ ಆಶಯವನ್ನು ಇಲ್ಲಿ ನೆನೆಯಿರಿ.

ನಮ್ಮ ಕಾಲದ ರೋಗವನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಇಂದು ನಾವು ಬಡವನಿಗೆ ಒಂದು ಚೀಲ ಅಕ್ಕಿ ಕೊಟ್ಟರೂ ಫೋಟೋ ಬೇಕು. ಉಮ್ರಾಕ್ಕೆ ಹೋದರೆ ಕಅಬಾಕ್ಕೆ ಬೆನ್ನು ಹಾಕಿ ಫೋನಿಗೆ ಮುಖ ಮಾಡುತ್ತೇವೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡಿದವನಿಗೆ ಅಂತ್ಯದಿನದಂದು ನೆರಳು ಸಿಗುವುದೆಂದು ಪ್ರವಾದಿವರ್ಯರು(ಸ) ತಿಳಿಸಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ನಾವೋ ಎರಡೂ ಕೈಗಳಿಗಷ್ಟೇ ಅಲ್ಲ, ಊರಿಗೆಲ್ಲ ತಿಳಿಸುತ್ತೇವೆ. ಹಾಗೆ ಬರೆಯುವಾಗ ನನ್ನನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಲೇಖನದ ಕೆಳಗೆ ಹೆಸರು ಅಚ್ಚಾಗಿದೆಯೇ ಎಂದು ಮೊದಲು ನೋಡುವವನು ನಾನೇ.

ಈ ಜೀವಿಯನ್ನು ಹುಡುಕುವುದು ಹೇಗೆಂದು ವಿದ್ಯಾರ್ಥಿಯನ್ನು ಕೇಳಿದೆ. ನನಗೆ ಈಜು ಬರುವುದಿಲ್ಲ, ಆದ್ದರಿಂದ ಅವನ ಮಾತನ್ನೇ ಹೇಳುತ್ತೇನೆ. ಹೊಸಬರು ನೀರಿಗಿಳಿದೊಡನೆ ಬಂಡೆಯಿಂದ ಬಂಡೆಗೆ ಓಡುತ್ತಾರಂತೆ, ದೊಡ್ಡ ಮೀನು ಎಲ್ಲಿ, ಆಮೆ ಎಲ್ಲಿ ಎಂದು. ಅರ್ಧ ಗಂಟೆಯಲ್ಲಿ ದ್ವೀಪವನ್ನೇ ಸುತ್ತುತ್ತಾರೆ, ಒಂದು ಹುಳುವೂ ಕಾಣುವುದಿಲ್ಲ. ತಿಳಿದವನು ಒಂದೇ ಬಂಡೆಯ ಮುಂದೆ ನಿಲ್ಲುತ್ತಾನೆ. ಚಾಪೆಯಷ್ಟು ಜಾಗವನ್ನು ಅಂಗುಲ ಅಂಗುಲವಾಗಿ ನೋಡುತ್ತಾನೆ. ಹುಳುವನ್ನೇ ಹುಡುಕದೆ ಮೊದಲು ಅದರ ಊಟವನ್ನು ಹುಡುಕುತ್ತಾನೆ: ಸ್ಪಂಜು ಎಲ್ಲಿದೆ, ಗರಿಯಂಥ ಹೈಡ್ರಾಯಿಡ್ ಎಲ್ಲಿದೆ ಎಂದು. ಸ್ಪಂಜಿನ ಮೇಲೆ ಮೇಯ್ದ ಗುರುತು ಕಂಡರೆ, ಇಲ್ಲವೇ ಗುಲಾಬಿ ಪಕಳೆಯಂತೆ ಸುತ್ತಿದ ಮೊಟ್ಟೆಯ ಪಟ್ಟಿ ಕಂಡರೆ, ಹುಳು ಅಲ್ಲೇ ಹತ್ತಿರವಿದೆಯೆಂದು ಲೆಕ್ಕ. ನಮಾಝನ್ನು ಗಡಿಬಿಡಿಯಲ್ಲಿ ಮುಗಿಸಿದ ವ್ಯಕ್ತಿಯೊಬ್ಬರನ್ನು ಪ್ರವಾದಿವರ್ಯರು(ಸ) ಮತ್ತೆ ಮತ್ತೆ ಹಿಂದಕ್ಕೆ ಕಳಿಸಿ, ನೀವು ನಮಾಝ್ ಮಾಡಿಯೇ ಇಲ್ಲ ಎಂಬರ್ಥದಲ್ಲಿ ತಿದ್ದಿದ ಘಟನೆ ನನಗೆ ನೆನಪಾಯಿತು. ಓಡುವವನ ಕಣ್ಣು ತೆರೆದಿದ್ದರೂ ಅವನು ನೋಡುತ್ತಿರುವುದಿಲ್ಲ. ಅಲ್‌ಮುಲ್ಕ್ ಅಧ್ಯಾಯದ ಆರಂಭದಲ್ಲಿ ಅಲ್ಲಾಹನು ಆಕಾಶವನ್ನು ನೋಡಲು ಹೇಳುವಾಗಲೂ ಒಂದು ಸಲಕ್ಕೆ ಬಿಡುವುದಿಲ್ಲ, ದೃಷ್ಟಿಯನ್ನು ಪುನಃ ಪುನಃ ಹೊರಳಿಸಲು ಆಜ್ಞಾಪಿಸುತ್ತಾನೆ.

ನೀರಿನೊಳಗೆ ಇನ್ನೂ ಒಂದು ಶಿಸ್ತಿದೆ. ಅಲ್ಲಿ ದೇಹವನ್ನು ಏರಿಸಿ ಇಳಿಸುವುದು ಉಸಿರು. ಒಳಗೆಳೆದರೆ ಸ್ವಲ್ಪ ಮೇಲಕ್ಕೆ, ಬಿಟ್ಟರೆ ಸ್ವಲ್ಪ ಕೆಳಕ್ಕೆ. ಬಂಡೆಯನ್ನು ಮುಟ್ಟದೆ, ಕಾಲಿನ ರೆಕ್ಕೆಯಿಂದ ಮರಳೆಬ್ಬಿಸದೆ ಒಂದೇ ಕಡೆ ತೂಗಿ ನಿಲ್ಲುವುದನ್ನು ಕಲಿತವನಿಗೆ ಮಾತ್ರ ಹುಳು ಕಾಣುತ್ತದೆ. ಉಸಿರನ್ನು ಕಟ್ಟಿಹಿಡಿಯುವಂತಿಲ್ಲ, ಹಿಡಿದು ಮೇಲೇರಿದರೆ ಶ್ವಾಸಕೋಶವೇ ಹರಿಯಬಹುದು. ಗಾಳಿ ಎಷ್ಟು ಉಳಿದಿದೆಯೆಂದು ಮುಳ್ಳನ್ನು ನೋಡುತ್ತಲೇ ಇರಬೇಕು. ಮೇಲೆ ಬರುವಾಗ ನಿಧಾನವಾಗಿ ಬಂದು, 5 ಮೀಟರ್ ಆಳದಲ್ಲಿ 3 ನಿಮಿಷ ತಂಗುವುದು ರೂಢಿ. ಇನ್ನೊಂದೇ ಚಿತ್ರ, ಇನ್ನೊಂದೇ ಹುಳು ಎಂದು ಈ ಲೆಕ್ಕ ಮರೆತವರು ಪ್ರಾಣಕ್ಕೇ ಅಪಾಯ ತಂದುಕೊಂಡಿದ್ದಾರೆ. ನಿಮ್ಮ ಕೈಯಾರೆ ನಿಮ್ಮನ್ನು ವಿನಾಶಕ್ಕೆ ದೂಡಿಕೊಳ್ಳಬೇಡಿ ಎಂಬ ಆದೇಶ ದಾನಧರ್ಮದ ಸಂದರ್ಭದಲ್ಲಿ ಬಂದಿದ್ದರೂ (ಅಲ್‌ಬಕರ: 195) ವಿದ್ವಾಂಸರು ಅದನ್ನು ಇಂಥ ಕಡೆಗೂ ಅನ್ವಯಿಸಿದ್ದಾರೆ.

ಈಗ ಅವನ ಪ್ರಶ್ನೆ. ನಾನು ಮುಫ್ತಿಯಲ್ಲ, ಫತ್ವಾ ಕೊಡುವ ಅರ್ಹತೆ ನನಗಿಲ್ಲ. ಗುರುವಾಗಿ ನಾನು ಅವನಿಗೆ ಹೇಳಿದ್ದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಕಡಲ ಜೀವಿಗಳನ್ನು ಹಿಡಿಯುವುದು ತಪ್ಪಲ್ಲ. ತಾಜಾ ಮಾಂಸ ಸಿಗಲೆಂದೂ ಧರಿಸುವ ಆಭರಣ ಸಿಗಲೆಂದೂ ಕಡಲನ್ನು ನಿಮಗೆ ಒಳಪಡಿಸಿದ್ದೇವೆ ಎಂಬ ಅರ್ಥದ ಸೂಕ್ತ ಅನ್ನಹ್ಲ್ ಅಧ್ಯಾಯದಲ್ಲಿದೆ. ಮೀನುಗಾರನ ಬಲೆಯಲ್ಲಿ ಅಗತ್ಯವಿದೆ, ಮನೆಯ ಒಲೆಯಿದೆ. ಹುಳುವನ್ನು ಎತ್ತಿ ಹವಳದ ಮೇಲಿಡುವುದರಲ್ಲಿ ಏನಿದೆ? ಒಂದು ಚಿತ್ರದ ಹಿನ್ನೆಲೆ. ಮುಟ್ಟಿದೊಡನೆ ಅದು ಹೂವಿನಂಥ ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಕೆಲವು ಜಾತಿಗಳ ಬೆನ್ನ ಎಳೆಗಳು ಕಳಚಿ ಬೀಳುತ್ತವೆ. ಯಾವ ಸ್ಪಂಜನ್ನು ವಾಸನೆಯಿಂದ ಹುಡುಕಿ ತಲುಪಿತ್ತೋ ಅದರಿಂದ ನಾಲ್ಕು ಮಾರು ದೂರವಿಟ್ಟರೆ, ಅಷ್ಟು ನಿಧಾನವಾಗಿ ತೆವಳುವ ಜೀವಿಗೆ ಅದು ನಾವು ನೂರು ಹರದಾರಿ ನಡೆದಂತೆ. ಆಯುಷ್ಯವೇ ಕೆಲವು ತಿಂಗಳು. ಗಿರಾಕಿಯ ಫೋಟೋ ಮುಗಿದ ಮೇಲೆ ಅದನ್ನು ಮರಳಿ ಮನೆಗೆ ಬಿಡುವವರು ಯಾರೂ ಇಲ್ಲ.

ಅಬ್ದುಲ್ಲಾಹ್ ಇಬ್ನು ಮಸ್‌ಊದ್(ರ) ವರದಿ ಮಾಡಿದ ಒಂದು ಘಟನೆ ಅಬೂದಾವೂದ್‌ನಲ್ಲಿದೆ. ಪ್ರಯಾಣವೊಂದರಲ್ಲಿ ಸಹಾಬಿಗಳು ಒಂದು ಸಣ್ಣ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಅಷ್ಟರಲ್ಲಿ ಬಂದ ಪ್ರವಾದಿವರ್ಯರು(ಸ), ಮರಿಗಳನ್ನು ತೆಗೆದು ಇದನ್ನು ನೋಯಿಸಿದವರಾರು ಎಂದು ವಿಚಾರಿಸಿ, ಅವನ್ನು ಮರಳಿಸಲು ಹೇಳಿದರು. ಆ ಸಹಾಬಿಗಳೇನೂ ಕ್ರೂರಿಗಳಲ್ಲ. ಮರಿಗಳು ಮುದ್ದಾಗಿ ಕಂಡಿರಬಹುದು, ಎತ್ತಿಕೊಂಡರು, ಅಷ್ಟೇ. ಹಕ್ಕಿಯಾದರೂ ರೆಕ್ಕೆ ಬಡಿದು ದೂರು ಹೇಳಿತು. ಈ ಹುಳುವಿಗೆ ಧ್ವನಿಯೂ ಇಲ್ಲ.

ಐನೂರರ ವಿಷಯ. ಅಲ್ಲಾಹನನ್ನು ಭಯಪಡುವವನಿಗೆ ಅವನು ಊಹಿಸದ ಕಡೆಯಿಂದ ಅನ್ನ ಬರುತ್ತದೆಂದು ಪೀಠದಲ್ಲಿ ಕೂತು ಹೇಳುವುದು ನನಗೆ ಸುಲಭ. ಮನೆ ಬಾಡಿಗೆ ಕೊಡಬೇಕಾದವನು ಅವನು. ಹಾಗಾಗಿ ಬರೀ ಬೇಡ ಎಂದು ಹೇಳಿ ಕೈತೊಳೆದುಕೊಳ್ಳದೆ, ಇಬ್ಬರೂ ಕೂಡಿ ಯೋಚಿಸಿದೆವು. ನೀರಿನೊಳಗೆ ಸನ್ನೆಗೆ ಸನ್ನೆಯಿಂದ ಇಲ್ಲವೆಂದರೆ ಗಿರಾಕಿಗೆ ಅವಮಾನವಾಗುತ್ತದೆ. ಬೋಟು ಹೊರಡುವ ಮೊದಲೇ, ಕೈಸನ್ನೆಗಳನ್ನು ಕಲಿಸುವ ಹೊತ್ತಿನಲ್ಲಿ, ಹುಳುವಿನ ಕತೆಯನ್ನೂ ಹೇಳು ಎಂದೆ: ಅದು ವಿಷ ಕೂಡಿಡುವುದು, ತನ್ನ ಬಣ್ಣವನ್ನು ತಾನು ಕಾಣದಿರುವುದು, ಮುಟ್ಟಿದರೆ ಹೂವು ಮುಚ್ಚಿಹೋಗಿ ಫೋಟೋವೇ ಕೆಡುವುದು. ಕೊನೆಯದು ಬೇಗ ನಾಟುತ್ತದೆ ಎಂದು ಅವನೇ ಸೇರಿಸಿದ.

ಇದನ್ನೆಲ್ಲ ಒಬ್ಬ ಹುಡುಗನ ಹೆಗಲಿಗೆ ಹೇರಿ ನಾವು ದಡದಲ್ಲಿ ಕೂರುವುದೂ ಸರಿಯಲ್ಲ. ಮಾನವರ ಕೈಗಳ ಗಳಿಕೆಯಿಂದಾಗಿ ನೆಲದಲ್ಲೂ ಕಡಲಲ್ಲೂ ಕ್ಷೋಭೆ ಕಾಣಿಸಿಕೊಂಡಿದೆ ಎಂಬ ಅರ್‌ರೂಮ್ ಅಧ್ಯಾಯದ ಎಚ್ಚರಿಕೆ ನಮಗೆಲ್ಲರಿಗೂ ಇದೆ. ಲಕ್ಷದ್ವೀಪದ ಅಮಿನಿ, ಕಡಮತ್ ಮುಂತಾದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಂದ ತೆಂಗಿನ ನಾರು ಮಂಗಳೂರಿಗೆ ಬಂದು ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ನೀರಿನ ಬಿಸಿ ಏರಿ ಅಲ್ಲಿನ ಹವಳಗಳು 1998, 2010, 2016 ಮತ್ತು 2024ರಲ್ಲಿ ಬಿಳಿಚಿಕೊಂಡವು. ಹವಳ ಸತ್ತರೆ ಅದರ ಸಂದಿಯನ್ನು ನಂಬಿದ ಜೀವಿಗಳೂ ನೆಲೆ ಕಳೆದುಕೊಳ್ಳುತ್ತವೆ. ಪ್ರಾಣಿಗಳೂ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಕುರ್‌ಆನಿನ ಮಾತು (ಅಲ್‌ಅನ್‌ಆಮ್: 38) ಓದುವಾಗ, ಸಮುದಾಯ ಎಂಬ ಪದವನ್ನು ನಾವು ನಮಗೆ ಮಾತ್ರ ಉಳಿಸಿಕೊಂಡಿದ್ದೇವೆ ಅನಿಸುತ್ತದೆ.

ಹೊಸ ಪದ್ಧತಿ ಆರಂಭಿಸಿದ ಮೊದಲ ದಿನ ಒಬ್ಬ ಗಿರಾಕಿ ಕೋಪದಿಂದ ಮಾಲೀಕರಿಗೆ ದೂರು ಕೊಟ್ಟನಂತೆ. ಅದೇ ಬೋಟಿನಲ್ಲಿದ್ದ ಹಿರಿಯರೊಬ್ಬರು ಮಾತ್ರ ಒಂದೇ ಬಂಡೆಯ ಮುಂದೆ ಹತ್ತು ನಿಮಿಷ ನಿಂತು, ಟಾರ್ಚು ಹಿಡಿದು, ಕ್ಯಾಮೆರಾ ಮರೆತೇ ಮೇಲೆ ಬಂದರಂತೆ. ಕೈಗೆ ಏನಾದರೂ ಕೊಟ್ಟರೋ ಇಲ್ಲವೋ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೊನ್ನೆ ಅವನು ಇನ್ನೊಂದು ಚಿತ್ರ ಕಳಿಸಿದ್ದಾನೆ. ಬಂಡೆಯ ಮೇಲೆ ಸುತ್ತಿಕೊಂಡ ಮೊಟ್ಟೆಯ ಪಟ್ಟಿ ಮಾತ್ರ, ಹುಳುವಿಲ್ಲ. ಹುಳು ಎಲ್ಲಿ ಎಂದು ಕೇಳಿದೆ. "ಅಲ್ಲೇ ಎಲ್ಲೋ ಇದ್ದಿರಬೇಕು ಉಸ್ತಾದ್, ಗಾಳಿ ಮುಗಿಯುತ್ತಾ ಬಂದಿತ್ತು. ಹುಡುಕದೆ ಮೇಲೆ ಬಂದೆ" ಎಂದ.